ಒಂದು ನಿಮಿಷ ನಲವತ್ತು ಸೆಕೆಂಡಿನ ತಂಬೂರಿ

ಹೋದ ತಿಂಗಳು ಮುಂಬಯಿಯ ಮಾಟುಂಗದ ನಮ್ಮ ಕನ್ನಡ ಸಂಘದವರು ಹೊಸ ಹಾಲ್ ತೋರಿಸಲು ಕರೆದಿದ್ದರು. ಹಳೆಯ ಎರಡಂತಸ್ತಿನ ಬಿಲ್ಡಿಂಗ್ ಕೆಡವಿದ ಜಾಗದಲ್ಲಿ ಈಗ ತಲೆ ಎತ್ತಿ ನೋಡಿದರೆ ಟೋಪಿ ಬೀಳುವಷ್ಟು ಎತ್ತರದ ಟವರ್ ನಿಂತಿದೆ. ಹಾಲ್‌ಗೆ ಲಿಫ್ಟಿನಲ್ಲಿ ಹೋಗಬೇಕು. ಏಸಿ ಇದೆ, ಮೆತ್ತನೆಯ ಕುರ್ಚಿಗಳಿವೆ, ಹಿಂದುಗಡೆ ಗಾಜಿನ ಕೋಣೆಯಲ್ಲಿ ಟೀವಿಯಂತೆ ಹೊಳೆಯುವ ಮಿಕ್ಸರ್ ಇದೆ. ಹಳೆ ಹಾಲ್‌ನ ಮೈಕ್ ಇಪ್ಪತ್ತು ವರ್ಷ ನೋಡಿಕೊಂಡವನು ಎಂದು ನನಗೊಂದು ಶಾಲು ಹೊದಿಸಿ, ಕೈಗೊಂದು ತೆಂಗಿನಕಾಯಿ ಕೊಟ್ಟು ಮುಂದಿನ ಸಾಲಿನಲ್ಲಿ ಕೂರಿಸಿದರು. ಎಲ್ಲವೂ ಹೊಸದು. ವೇದಿಕೆಯ ಮೇಲೆ ಹಾಸಿದ್ದ ಕೆಂಪು ಜಮಖಾನೆ ಮಾತ್ರ ಹಳೆಯದು. ಅದು ಅದೇ ಹೌದೋ ಅಲ್ಲವೋ ನೋಡೋಣವೆಂದು ಹತ್ತಿರ ಹೋದೆ. ಡಾಂಬರ್ ಗುಳಿಗೆಯ ವಾಸನೆ, ಅದರ ಅಡಿಯಲ್ಲಿ ಮಳೆಗಾಲದ ಮುಗ್ಗಲು. ಹಳೆ ಹಾಲ್‌ನ ಕೊನೆಯ ಮಳೆಗಾಲ, ಸುಶೀಲಾಬಾಯಿಯವರ ನಾಲ್ಕು ಕಚೇರಿ, ಅವರ ಮಗಳು ಗೌರಿ, ಎಲ್ಲ ಒಮ್ಮೆಲೇ ಬಂದು ಆ ಜಮಖಾನೆಯ ಮೇಲೆ ಕೂತಂತಾಯಿತು. ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಮುಚ್ಚಿಟ್ಟಿದ್ದೆ, ಅಷ್ಟೇ.

ನಾನು ಮೌಲಾಲಿ, ನವಲಗುಂದದ ಕಡೆಯವನು. ಮನೆಯೊಳಗೆ ದಖನಿ, ಹೊಸ್ತಿಲು ದಾಟಿದರೆ ಕನ್ನಡ, ಲೋಕಲ್ ಹತ್ತಿದರೆ ಹಿಂದಿ, ಮರಾಠಿ. ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿ ಮೂವತ್ತು ವರ್ಷ ಕಳೆದೆ. ರವಿವಾರ ಮಾತ್ರ ಮಾಟುಂಗಕ್ಕೆ ಹೋಗಿ ಸಂಘದ ಹಾಲ್‌ನಲ್ಲಿ ಮಿಕ್ಸರ್ ಮುಂದೆ ಕೂರುವುದು ನನ್ನ ಚಟ. ಕೆಲವರಿಗೆ ತಂಬಾಕು ಇದ್ದ ಹಾಗೆ ನನಗೆ ಅದು. ಈ ಕೆಲಸ ಕಲಿಸಿದ ಉಸ್ತಾದರು ಕುರ್ಲಾದಲ್ಲಿ ಮದುವೆ ಮಂಟಪಗಳಿಗೆ ಸ್ಪೀಕರ್ ಕಟ್ಟುತ್ತಿದ್ದವರು. ಅವರು ಮೊದಲ ದಿನವೇ ಕಿವಿ ಹಿಂಡಿ ಹೇಳಿದ ಪಾಠ ಒಂದೇ: “ಖುಲ್ಲಾ ಮೈಕ್ ಬೋಲೇ ತೋ ಖುಲ್ಲಾ ದರ್ವಾಜಾ. ಕುತ್ತಾ ಭೀ ಆತಾ, ಬಿಲ್ಲಿ ಭೀ ಆತಿ.” ತೆರೆದ ಮೈಕು ತೆರೆದ ಬಾಗಿಲು, ನಾಯಿಯೂ ನುಗ್ಗುತ್ತದೆ, ಬೆಕ್ಕೂ ನುಗ್ಗುತ್ತದೆ.

ಮಿಕ್ಸರಿನಿಂದ ನೇರವಾಗಿ ರೆಕಾರ್ಡ್ ಮಾಡುವುದೆಂದರೆ ಏನು ಎಂದು ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲವಾದರೆ ನನ್ನ ತಪ್ಪು ಯಾರಿಗೂ ತಿಳಿಯುವುದಿಲ್ಲ. ಎಲ್ಲ ಮೈಕುಗಳ ವೈರ್ ಮಿಕ್ಸರಿಗೆ ಬರುತ್ತವೆ. ಒಂದೊಂದು ಮೈಕಿಗೆ ಒಂದೊಂದು ಫೇಡರ್, ಎಂದರೆ ಬೆರಳಿನಿಂದ ಮೇಲೆ ಕೆಳಗೆ ಸರಿಸುವ ಗುಂಡಿ. ಮಿಕ್ಸರಿನಿಂದ ಒಂದು ವೈರ್ ಸ್ಪೀಕರಿಗೆ ಹೋಗುತ್ತದೆ, ಇನ್ನೊಂದು ಅಂಗೈಯಗಲದ ನನ್ನ ರೆಕಾರ್ಡರಿಗೆ. ಫೇಡರ್ ಇಳಿಸಿದರೆ ಸ್ಪೀಕರಿಗೂ ಇಲ್ಲ, ರೆಕಾರ್ಡರಿಗೂ ಇಲ್ಲ. ಸಭೆಯಲ್ಲಿ ಕೂತು ಫೋನಿನಲ್ಲಿ ಹಿಡಿದವರ ರೆಕಾರ್ಡಿನಲ್ಲಿ ಕೆಮ್ಮು, ಚಪ್ಪಾಳೆ, ಯಾರದೋ ಮಗುವಿನ ಅಳು ಎಲ್ಲ ಇರುತ್ತದೆ. ನನ್ನದರಲ್ಲಿ ಹಾಡು ಬಿಟ್ಟರೆ ಏನೂ ಇರುತ್ತಿರಲಿಲ್ಲ. ತೊಳೆದ ಅಕ್ಕಿಯ ಹಾಗೆ. ಅದರ ಸೊಕ್ಕು ನನಗೆ ಇತ್ತು, ಒಪ್ಪಿಕೊಳ್ಳುತ್ತೇನೆ.

ಬಿಲ್ಡಿಂಗ್ ಕೆಡವುವುದು ಖಾತ್ರಿಯಾದ ವರ್ಷ ಸಂಘದವರು ಹಳೆ ಹಾಲ್‌ಗೆ ಕೊನೆಯ ನಮಸ್ಕಾರವೆಂದು ಸುಶೀಲಾಬಾಯಿಯವರ ನಾಲ್ಕು ಕಚೇರಿ ಇಟ್ಟರು. ಜೂನಿನಿಂದ ಸೆಪ್ಟೆಂಬರ್ ತನಕ ತಿಂಗಳಿಗೊಂದು, ರವಿವಾರ ಸಂಜೆ ನಾಲ್ಕೂವರೆಗೆ. ನಾಲ್ಕನ್ನೂ ರೆಕಾರ್ಡ್ ಮಾಡಿ ಇಡುವ ಜವಾಬ್ದಾರಿ ನನ್ನದು. ಸುಶೀಲಾಬಾಯಿ ಧಾರವಾಡದವರು. ಗಂಡನ ಬ್ಯಾಂಕಿನ ನೌಕರಿಗಾಗಿ ಮುಂಬಯಿಗೆ ಬಂದು, ಇಲ್ಲಿನ ಶಾಲೆಯಲ್ಲಿ ಸಂಗೀತ ಕಲಿಸಿ, ಗಂಡ ತೀರಿಕೊಂಡ ಮೇಲೂ ಮಾಟುಂಗದ ಎರಡು ಕೋಣೆಯ ಮನೆಯಲ್ಲೇ ಇದ್ದರು. ಆಗ ಎಪ್ಪತ್ತು ದಾಟಿತ್ತು. ಊರಿನ ರೂಢಿಯಂತೆ ನಾವೆಲ್ಲ ಅವರನ್ನು ಅಕ್ಕೋರು ಎನ್ನುತ್ತಿದ್ದೆವು. ಹೆಸರು ಮಾಡಲಿಲ್ಲ, ಮಾಡಬೇಕೆಂಬ ಆಸೆಯೂ ಕಂಡಿರಲಿಲ್ಲ. ಆದರೆ ಸುರದ ವಿಷಯದಲ್ಲಿ ಅವರು ಯಾರಪ್ಪನ ಮಾತನ್ನೂ ಕೇಳುವವರಲ್ಲ. ಒಬ್ಬಳೇ ಮಗಳು ಗೌರಿ. ಮದುವೆಯಾಗಿ ಪವಾಯಿಯಲ್ಲಿ ಇದ್ದಳು, ಅಲ್ಲೇ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ. ತಾಯಿಯ ಕಚೇರಿ ಇದ್ದ ದಿನ ಕಾಂಜೂರಿನಿಂದ ಲೋಕಲ್ ಹಿಡಿದು ಬಂದು, ಹಿಂದೆ ಕೂತು ತಂಬೂರಿ ನುಡಿಸುತ್ತ ತಾಯಿಯ ಜೊತೆಗೆ ದನಿಗೂಡಿಸುತ್ತಿದ್ದಳು.

ಜೂನಿನ ಮೊದಲ ಕಚೇರಿ. ಮಳೆ ಆಗಷ್ಟೇ ಹಿಡಿದಿತ್ತು, ಹಾಲ್ ತುಂಬಿತ್ತು, ನೂರಿಪ್ಪತ್ತು ಮಂದಿಯ ಒದ್ದೆ ಛತ್ರಿಗಳು ಬಾಗಿಲ ಬಳಿ ರಾಶಿ ಬಿದ್ದಿದ್ದವು. ಆ ದಿನ ನಾನೊಂದು ಹೊಸ ಪ್ರಯೋಗ ಮಾಡಿದೆ. ತಾಯಿಯ ದನಿ ರೆಕಾರ್ಡರಿನ ಎಡಕ್ಕೆ, ಮಗಳ ದನಿ ಬಲಕ್ಕೆ ಹೋಗುವಂತೆ ತಿರುಗಿಸಿದೆ. ಹೆಡ್‌ಫೋನ್ ಹಾಕಿದರೆ ಎಡಗಿವಿಗೆ ತಾಯಿ, ಬಲಗಿವಿಗೆ ಮಗಳು. ಅಕ್ಕೋರು ಮುಲ್ತಾನಿ ರಾಗ ಹಾಡಿದರು, ಮುಕ್ಕಾಲು ಗಂಟೆ. ನಾನು ಈ ಎಡಬಲದ ಸುಖದಲ್ಲಿ ಮೈಮರೆತಿದ್ದೆ. ಹಾಡು ಮುಗಿಯಿತು, ಚಪ್ಪಾಳೆ ಬಿತ್ತು, ನನ್ನ ಕೈ ಮಾತ್ರ ಫೇಡರಿನ ಬಳಿಗೆ ಹೋಗಲಿಲ್ಲ. ಅಕ್ಕೋರು ಹಿಂದಕ್ಕೆ ತಿರುಗಿ, ಮಗಳಿಗೆ ಮಾತ್ರ ಎಂದುಕೊಂಡು, ಹಲ್ಲುಕಚ್ಚಿ ಹೇಳಿದರು:

“ಗಾಂಧಾರ ಎಲ್ಲಿ ಇಟ್ಟು ಬಂದಿ? ಕಿವಿ ಪವಾಯಿಯೊಳಗ ಬಿಟ್ಟು ಬಂದೀಯೇನು? ಬಾಯಿ ಮುಚ್ಚಿ ಬರೇ ತಂಬೂರಿ ಹಿಡಿ.”

ಮೈಕ್ ತೆರೆದೇ ಇತ್ತು. ಆ ಮಾತು ನಾಲ್ಕು ಸ್ಪೀಕರಿನಿಂದ ಹಾಲ್‌ಗೆಲ್ಲ ಕೇಳಿಸಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಫೇಡರ್ ಎಳೆದೆ, ಆದರೆ ಆಡಿದ ಮಾತಿಗೆ ಫೇಡರ್ ಎಲ್ಲಿದೆ? ಗೌರಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ಮುಂದಿನ ಒಂದೂವರೆ ಗಂಟೆ ಅವಳು ತುಟಿ ಬಿಚ್ಚದೆ ತಂಬೂರಿ ನುಡಿಸಿದಳು. ಕಚೇರಿ ಮುಗಿದ ಮೇಲೆ ತಂಬೂರಿಗೆ ಗವಸು ಹಾಕಿ, ದಾರ ಕಟ್ಟಿ, ಗೋಡೆಗೆ ಒರಗಿಸಿ, ಯಾರ ಜೊತೆಗೂ ಮಾತಾಡದೆ ಮೆಟ್ಟಿಲು ಇಳಿದು ಹೋದಳು. ಛತ್ರಿ ಕೂಡ ಬಿಟ್ಟು ಹೋಗಿದ್ದಳು.

ವೈರ್ ಸುತ್ತುತ್ತಿದ್ದ ನನ್ನ ಬಳಿಗೆ ಅಕ್ಕೋರು ಬಂದು ನಿಂತರು. “ಎತ್ತ ನೋಡ್ಲಿಕ್ಕೆ ಹತ್ತಿದ್ದಿ ಮೌಲಾಲಿ? ಮನಿ ಮಾತು ಮಂದಿ ಮುಂದ ಹಾಕಿದೆಲ್ಲೋ.”

“ತಪ್ಪಾತ್ರೀ ಅಕ್ಕೋರ.”

“ಇನ್ನ ಮ್ಯಾಲ ಹಾಡು ಮುಗೀತಂದ್ರ ನಿನ್ನ ಕೈ ಕೆಳಗ ಬರಬೇಕು. ನಾ ಮಾತಾಡೂದು ನಿನ್ನ ಡಬ್ಬಿಗೆ ಬ್ಯಾಡ.”

ಆ ವಾರ ಮನೆಯಲ್ಲಿ ಕೂತು ರೆಕಾರ್ಡ್ ಕೇಳಿದೆ. ಒಂದು ಸಲ ಎಡಗಿವಿ ಮುಚ್ಚಿ, ಒಂದು ಸಲ ಬಲಗಿವಿ ಮುಚ್ಚಿ. ನಾನು ಸಂಗೀತ ಕಲಿತವನಲ್ಲ, ಆದರೆ ಇಪ್ಪತ್ತು ವರ್ಷ ಕೇಳಿದ ಕಿವಿ ಅದು. ಗೌರಿಯ ಗಾಂಧಾರ ಸ್ವರ ತಂಬೂರಿಗೆ ಅಂಟಿಕೊಂಡು ನಿಂತಿತ್ತು. ಇಳಿದದ್ದು ತಾಯಿಯದು, ಕೂದಲೆಳೆಯಷ್ಟು. ಮೂರು ಸಲ ಕೇಳಿದೆ, ಮೂರು ಸಲವೂ ಅದೇ. ವಯಸ್ಸು ಯಾರನ್ನೂ ಬಿಡುವುದಿಲ್ಲ. ಮುಂದಿನ ವಾರ ಪೆನ್‌ಡ್ರೈವಿನಲ್ಲಿ ಹಾಕಿ ಅಕ್ಕೋರ ಮನೆಗೆ ಕೊಟ್ಟು ಬಂದೆ. ‘ಅಕ್ಕೋರ, ಇದನ್ನ ಒಂದೊಂದ ಕಿವಿ ಮುಚ್ಚಿ ಕೇಳ್ರಿ’ ಎಂದಿದ್ದರೆ ಸಾಕಿತ್ತು. ನಾಲಿಗೆ ತುದಿಗೆ ಬಂದಿತ್ತು ಕೂಡ. ದೊಡ್ಡವರ ತಪ್ಪು ತೋರಿಸುವುದು ವೈರ್ ಕಟ್ಟುವವನ ಕೆಲಸವಲ್ಲ ಎಂದು ಚಹಾ ಕುಡಿದು ಎದ್ದು ಬಂದೆ.

ಗೌರಿ ಬರುವುದನ್ನು ಬಿಟ್ಟಳು. ಫೋನೂ ಇಲ್ಲವಂತೆ. ನೂಲಿನಂತೆ ಸೀರೆ, ತಾಯಿಯಂತೆ ಮಗಳು; ಇಬ್ಬರಲ್ಲಿ ಯಾರು ಮೊದಲು ಬಾಗಬೇಕು? ಜುಲೈ ಕಚೇರಿಗೆ ತಂಬೂರಿ ನುಡಿಸುವವರು ಸಿಗದೆ, ಸುರ ಹೊಂದಿಸಿಟ್ಟರೆ ತಾನೇ ನುಡಿಯುವ ಕರೆಂಟಿನ ತಂಬೂರಿ ಡಬ್ಬಿಯನ್ನು ತಂದರು. ಅದಕ್ಕೆ ಮೈಕ್ ಬೇಡ, ಅದರ ವೈರನ್ನೇ ಮಿಕ್ಸರಿಗೆ ಚುಚ್ಚಿದೆ. ನನಗಂತೂ ಅನುಕೂಲವಾಯಿತು. ಹಾಡು ಮುಗಿದ ಕೂಡಲೇ ಗಾಯನ, ತಬಲಾ, ಹಾರ್ಮೋನಿಯಂ ಮೂರರ ಫೇಡರನ್ನು ಮೂರು ಬೆರಳಿನಿಂದ ಒಮ್ಮೆಲೇ ಕೆಳಗೆ ಎಳೆಯುವುದು. ತಂಬೂರಿ ಮಾತ್ರ ಮೇಲೆ. ಮುಂದಿನ ಹಾಡು ಶುರುವಾಗುವ ಮುಂಚೆ ಮೂರನ್ನೂ ಎತ್ತುವುದು. ಜುಲೈ, ಆಗಸ್ಟ್ ಎರಡೂ ಕಚೇರಿಯಲ್ಲಿ ಒಂದು ಕೆಮ್ಮು ಒಳಗೆ ಬರಲಿಲ್ಲ. ಹಾರ್ಮೋನಿಯಂ ನುಡಿಸುತ್ತಿದ್ದ ಬೆಳಗಾವಿಯ ವಸಂತರಾವ್ ಅವರು ಬೆನ್ನು ತಟ್ಟಿ, “ಏನ್ ಕೈಯಪ್ಪಾ ನಿಂದು, ಕತ್ತರಿ ಇದ್ದಂಗ ಅದ” ಎಂದರು. ಉಬ್ಬಿಹೋದೆ.

ಆಗಸ್ಟಿನಲ್ಲಿ ಕಚೇರಿಗೆ ಮುಂಚೆ ಅಕ್ಕೋರು ನನ್ನ ಮೇಜಿನ ಬಳಿ ಬಂದು ರೆಕಾರ್ಡರನ್ನು ಸುಮ್ಮನೆ ನೋಡುತ್ತ ನಿಂತಿದ್ದರು. “ಮೌಲಾಲಿ, ನಿನ್ನ ಮಷೀನು ಸುಳ್ಳು ಹೇಳತದೇನೋ?”

“ಇಲ್ರೀ ಅಕ್ಕೋರ. ಅದಕ್ಕ ಸುಳ್ಳು ಬರೂದಿಲ್ಲ.”

“ಹೌದಲ್ಲಾ,” ಎಂದರು. ಇನ್ನೇನೋ ಕೇಳುವವರಿದ್ದರು, ಕೇಳಲಿಲ್ಲ. ಜೂನಿನ ರೆಕಾರ್ಡನ್ನು ಅವರು ಕೇಳಿದ್ದಾರೆ, ನಾನು ಕೇಳಿದಂತೆಯೇ ಕೇಳಿದ್ದಾರೆ ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಿತೋ ಏನೋ. ಒಂದು ಮೈಕ್ ಗರಗರ ಅನ್ನುತ್ತಿತ್ತು, ಆ ಕಡೆಗೆ ಹೋದೆ.

ಸೆಪ್ಟೆಂಬರಿನ ಕೊನೆಯ ಕಚೇರಿಯ ದಿನ ಮಳೆ ಧೋ ಎಂದು ಸುರಿಯಿತು. ನಾನು ಬೆಳಿಗ್ಗೆಯೇ ಹೊರಟು ಮಾಟುಂಗ ಸೇರಿದ್ದೆ. ಮಧ್ಯಾಹ್ನದ ಹೊತ್ತಿಗೆ ಸಾಯನ್ ಕುರ್ಲಾ ನಡುವೆ ಹಳಿಯ ಮೇಲೆ ನೀರು ನಿಂತು ಗಾಡಿಗಳು ಬಂದ್ ಆದವು. ನೂರಿಪ್ಪತ್ತು ಕುರ್ಚಿಗೆ ನಲವತ್ತು ಜನ, ಎಲ್ಲ ನಡೆದು ಬರುವಷ್ಟು ಹತ್ತಿರದವರು, ಬಹಳಷ್ಟು ಮಂದಿ ಮುದುಕರು. ಅಕ್ಕೋರು ಮೊಳಕಾಲ ತನಕ ಒದ್ದೆಯಾದ ಸೀರೆಯಲ್ಲೇ ಬಂದರು. ಬಂದವರೇ ಕೇಳಿದ್ದು, “ಗಾಡಿ ನಡದಾವೇನೋ?”

“ಇಲ್ರೀ. ಕುರ್ಲಾದಾಗ ನೀರು ನಿಂತದಂತ.”

ಬಾಗಿಲ ಕಡೆಗೆ ಒಮ್ಮೆ ನೋಡಿ ಜಮಖಾನೆಯ ಮೇಲೆ ಹೋಗಿ ಕೂತರು.

ಹಾಲ್‌ನ ಕಿಟಕಿಗಳ ಮೇಲೆ ತಗಡಿನ ಮಾಡು ಇತ್ತು, ಮಳೆ ಅದರ ಮೇಲೆ ಬಡಿಯುತ್ತಿತ್ತು. ಆ ಗದ್ದಲದಲ್ಲಿ ರೆಕಾರ್ಡ್ ಹೇಗೆ ಬರುತ್ತಿದೆ ತಿಳಿಯಬೇಕಲ್ಲ, ಕಿವಿ ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನ್ ಹಾಕಿ ಕೂತೆ. ಅದರೊಳಗೆ ಮಳೆಯೇ ಇರಲಿಲ್ಲ. ಹೊರಗೆ ಮುಂಬಯಿ ಮುಳುಗುತ್ತಿರುವಾಗ ನನ್ನ ಕಿವಿಯಲ್ಲಿ ಬರೀ ಅಕ್ಕೋರು. ಆ ಹೊತ್ತು ನಾನು ಎಷ್ಟು ಸುಖಿಯಾಗಿದ್ದೆ ಎಂದು ನೆನೆದರೆ ಈಗ ಮೈಮೇಲೆ ಮುಳ್ಳು ಏಳುತ್ತವೆ.

ಕೊನೆಯ ಭೈರವಿಗೆ ಮುಂಚೆ ಒಂದು ಹಾಡು ಮುಗಿಯಿತು. ಮೂರು ಬೆರಳು, ಮೂರು ಫೇಡರ್, ಎಲ್ಲ ಕೆಳಗೆ. ಅಕ್ಕೋರು ನೀರು ಕುಡಿದರು. ನನ್ನ ಕಡೆಗೆ ನೋಡಿ ಅಂಗೈ ಮೇಲೆ ಮಾಡಿ ಎರಡು ಸಲ ಎತ್ತಿದರು. ಆ ಸನ್ನೆ ನನಗೆ ಗೊತ್ತಿದ್ದದ್ದೇ. ಕಚೇರಿ ಶುರುವಾದಂದಿನಿಂದ ಹಾಗೆ ಮಾಡಿದರೆ, ತಮ್ಮ ಪಕ್ಕದ ಸಣ್ಣ ಸ್ಪೀಕರಿನಲ್ಲಿ ತಂಬೂರಿ ಏರಿಸು ಎಂದು ಅರ್ಥ. ಮಳೆ ಗದ್ದಲ, ಪಾಪ, ಸುರ ಕೇಳುತ್ತಿಲ್ಲ ಎಂದುಕೊಂಡು ತಂಬೂರಿಯ ಫೇಡರ್ ಏರಿಸಿದೆ. ಅವರು ನಕ್ಕು, ಮೈಕಿನಿಂದ ಮುಖ ಸ್ವಲ್ಪ ಪಕ್ಕಕ್ಕೆ ಮಾಡಿ, ಸಭೆಗೆ ಏನೋ ಹೇಳತೊಡಗಿದರು. ತುಟಿ ಅಲ್ಲಾಡುವುದು ಕಾಣುತ್ತಿತ್ತು. ಹಾಲ್‌ಗೆ ಕೊನೆಯ ಮಾತು ಹೇಳುತ್ತಿರಬೇಕು ಎಂದುಕೊಂಡೆ. ಮುಂದಿನ ಸಾಲಿನ ಒಬ್ಬ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ತಲೆ ತಗ್ಗಿಸಿ ರೆಕಾರ್ಡರಿನ ಚೀಟಿಯ ಮೇಲೆ ‘ಸೆಪ್ಟೆಂಬರ್, ಕೊನೆಯದು, ಭೈರವಿ’ ಎಂದು ದುಂಡಗೆ ಬರೆಯುತ್ತಿದ್ದೆ. ತಲೆ ಎತ್ತುವ ಹೊತ್ತಿಗೆ ಅಕ್ಕೋರು ಕಣ್ಣು ಮುಚ್ಚಿ ಬಾಯಿ ತೆರೆದಿದ್ದರು. ದಡಬಡಿಸಿ ಫೇಡರ್ ಎತ್ತಿದೆ. ಹಾಡಿನ ಮೊದಲ ಅಕ್ಷರದ ಅರ್ಧ ಹೋಗಿಬಿಟ್ಟಿತು.

ಮುಗಿದ ಮೇಲೆ ಅಕ್ಕೋರು ಬಂದು ಕೇಳಿದರು, “ಎಲ್ಲಾ ಬಂತೇನೋ ಮೌಲಾಲಿ?”

“ಎಲ್ಲಾ ಬಂದದ್ರೀ. ಭೈರವಿ ಎತ್ತೂ ಮುಂದ ಒಂದು ಅರ್ಧ ಅಕ್ಷರ ಮಾತ್ರ...”

“ಅರ್ಧ ಅಕ್ಷರ ಹೋಗ್ಲಿ ಬಿಡೋ. ಗೌರಿಗೆ ಮುಟ್ಟಸು. ಲಗೂ ಮುಟ್ಟಸು.”

ಆಗಲಿ ಎಂದೆ. ಆದರೆ ಆ ಅರ್ಧ ಅಕ್ಷರ ನನ್ನನ್ನು ಬಿಡಲಿಲ್ಲ. ನಾಲ್ಕು ಕಚೇರಿಯಲ್ಲಿ ಅದೊಂದೇ ಕಲೆ. ಅದೇ ಅಕ್ಷರ ಹಾಡಿನಲ್ಲಿ ಮತ್ತೆ ಬರುವ ಕಡೆಯಿಂದ ಕತ್ತರಿಸಿ ಇಲ್ಲಿ ಹೊಲಿಯೋಣವೆಂದು ಕಾರ್ಖಾನೆಯ ಗೆಳೆಯನೊಬ್ಬನ ಕಂಪ್ಯೂಟರ್ ಮುಂದೆ ಸಂಜೆಸಂಜೆ ಕೂತೆ. ತೇಪೆ ಎಲ್ಲಿ ಹಾಕಿದರೂ ತೇಪೆಯಾಗಿಯೇ ಕೇಳುತ್ತಿತ್ತು. ಒಂದು ವಾರ, ಇನ್ನೊಂದು ವಾರ ಎನ್ನುತ್ತ ಒಂದೂವರೆ ತಿಂಗಳು ಹೋಯಿತು. ದೀಪಾವಳಿ ಮುಗಿದ ನಾಲ್ಕನೆಯ ದಿನ ಅಕ್ಕೋರು ಬೆಳಗಿನ ಚಹಾ ಕುಡಿಯುತ್ತ ಕೂತಲ್ಲೇ ಹೋದರು ಎಂದು ಸಂಘದಿಂದ ಫೋನ್ ಬಂತು. ಪೆನ್‌ಡ್ರೈವ್ ನನ್ನ ಶರ್ಟಿನ ಕಿಸೆಯಲ್ಲೇ ಇತ್ತು.

ಹದಿಮೂರು ದಿನ ಕಳೆದ ಮೇಲೆ ಗೌರಿ ವಿಕ್ರೋಳಿಗೆ ಬಂದಳು. ಕಾರ್ಖಾನೆಯ ಗೇಟಿನ ಹೊರಗಿನ ಚಹಾದ ಟಪರಿಯ ಬಳಿ ನಿಂತು ಮಾತಾಡಿದೆವು. ಸೊರಗಿದ್ದಳು.

“ಮೌಲಾಕಾಕಾ, ಲಾಸ್ಟ್ ಕಾನ್ಸರ್ಟ್‌ದಾಗ ಆಯಿ ನನ್ನ ಬಗ್ಗೆ ಏನೋ ಹೇಳಿದ್ಲಂತ. ನನಗ ಮಾಲೂಮ್ ಇಲ್ಲ ಏನಂತ. ಒಬ್ರು ಹೇಳ್ತಾರ, ನಾ ಬರಲಿಲ್ಲ ಅಂತ ಗುಸ್ಸಾ ಮಾಡಿದ್ಲು. ಇನ್ನೊಬ್ರು, ನಿನ್ನ ನೆನಸಿ ಅತ್ಲು ಅಂತಾರ. ಮಳೀ ಆವಾಜ್‌ದಾಗ ಯಾರಿಗೂ ಪೂರಾ ಬರಾಬರ್ ಕೇಳಿಸಿಲ್ಲ. ನನಗ ಎಕ್ಸಾಕ್ಟ್ ಬೇಕು, ಆಯಿ ಏನು ಹೇಳಿದ್ಲು ಅದ ಬೇಕು. ನಿಮ್ಮ ರೆಕಾರ್ಡಿಂಗ್‌ದಾಗ ಇರ್ತದ ನಾ?”

ಆಗ ನನಗೆ ಎಲ್ಲ ಒಂದೇ ಏಟಿಗೆ ತಿಳಿಯಿತು. ಆ ಅಂಗೈ, ಆ ನಗು, ಸೆರಗಿನಿಂದ ಕಣ್ಣೊರೆಸಿದ ಹೆಂಗಸು. ಅಕ್ಕೋರು ಎತ್ತು ಎಂದದ್ದು ತಂಬೂರಿಯನ್ನಲ್ಲ, ತಮ್ಮ ಮೈಕನ್ನು. ಹೇಳಬೇಕಾದ್ದು ಇಷ್ಟೇ: ಗೌರಿ, ನಾನು ಮೈಕ್ ಇಳಿಸಿದ್ದೆ, ಕಿವಿ ಮುಚ್ಚಿಕೊಂಡು ಕೂತಿದ್ದೆ. ಬಾಯಿ ತೆರೆದೆ, ಬಂದದ್ದು ಬೇರೆಯೇ ಮಾತು.

“ಆ ಹೊತ್ತಿಗೆ ಕರೆಂಟ್ ಹೋಗಿತ್ತವ್ವಾ. ಮಷೀನ್ ಬಂದ್ ಬಿದ್ದಿತ್ತು.”

ಅವಳು ಚಹಾದ ಗ್ಲಾಸ್ ಕೆಳಗಿಟ್ಟಳು. “ಹೌದಾ? ಬಾರಿಶ್ ಭಾಳ ಇತ್ತಲಾ. ನಾನೂ ಆವತ್ತು ಕಾಂಜೂರ್ ಸ್ಟೇಷನ್ ತನಕಾ ಬಂದಿದ್ದೆ ಕಾಕಾ. ಎರಡು ತಾಸು ನಿಂತೆ. ಗಾಡಿನೇ ಬರಲಿಲ್ಲ.” ಪೆನ್‌ಡ್ರೈವ್ ತೆಗೆದುಕೊಂಡು, ಠೀಕ್ ಹೈ ಎಂದು ಹೊರಟಳು.

ಅವಳು ಹೋದ ಮೇಲೆ ನೆನಪಾಯಿತು, ಅದರಲ್ಲಿ ನಾಲ್ಕೂ ಕಚೇರಿ ಇವೆ. ಜೂನಿನದೂ ಇದೆ. ಬಾಯಿ ಮುಚ್ಚಿ ಬರೇ ತಂಬೂರಿ ಹಿಡಿ ಎಂಬುದು ಗಾಜಿನಷ್ಟು ಸ್ವಚ್ಛವಾಗಿ ಇದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಗಾದೆ ಕಟ್ಟಿದವರ ಕಾಲದಲ್ಲಿ ನನ್ನಂಥವರು ಇರಲಿಲ್ಲ. ಬೈದ ಮಾತನ್ನು ಹಿಡಿದಿಟ್ಟು ಮಗಳ ಕೈಗೆ ಕೊಟ್ಟೆ. ಇನ್ನೊಂದು ಮಾತು ಏನೆಂದು ನನಗೇ ಗೊತ್ತಿರಲಿಲ್ಲ.

ತಿಳಿದುಕೊಳ್ಳಬಹುದಿತ್ತು. ಅಕ್ಕೋರ ಪಕ್ಕದಲ್ಲಿ ಮೊಳದಷ್ಟು ದೂರದಲ್ಲಿ ವಸಂತರಾವ್ ಕೂತಿದ್ದರು. ಅವರು ಆ ಅಕ್ಟೋಬರ್ ಕೊನೆಗೆ ಮುಂಬಯಿ ಬಿಟ್ಟು ಬೆಳಗಾವಿಗೆ ಹೋಗಿದ್ದರು, ಗೌರಿಯ ಬಳಿ ಅವರ ನಂಬರ್ ಇರಲಿಲ್ಲ. ನನ್ನ ಬಳಿ ಇತ್ತು. ಕೇಳಿದರೆ, ಹಾಲ್‌ನಲ್ಲಿ ನಲವತ್ತು ಜನರ ಮುಂದೆ ಆಡಿದ ಮಾತು ಕಿವಿಯ ಮೇಲೆ ಬದುಕುವ ಮೌಲಾಲಿಗೇ ಕೇಳಲಿಲ್ಲ ಎಂದು ಗೊತ್ತಾಗುತ್ತಿತ್ತು. ಹಾಗಾಗಿ ಕೇಳಲಿಲ್ಲ. ವರ್ಷಗಳು ಹೋದವು. ಹಾಲ್ ಕೆಡವಿದರು, ನಾನು ನಿವೃತ್ತನಾದೆ, ಹೆಡ್‌ಫೋನ್ ಅಟ್ಟಕ್ಕೆ ಹಾಕಿದೆ.

ಹೋದ ತಿಂಗಳು ಹೊಸ ಹಾಲ್‌ನಲ್ಲಿ ಆ ಜಮಖಾನೆಯ ಪಕ್ಕ ನಿಂತಿದ್ದೆನಲ್ಲ, ಹಿಂದಿನಿಂದ ಯಾರೋ ಹೆಗಲ ಮೇಲೆ ಕೈ ಇಟ್ಟರು. ವಸಂತರಾವ್. ಬೆಳಗಾವಿಯಿಂದ ಸಮಾರಂಭಕ್ಕೆಂದೇ ಬಂದಿದ್ದರು, ಕೋಲು ಹಿಡಿದಿದ್ದರು. ಅವರೂ ಜಮಖಾನೆಯನ್ನೇ ನೋಡುತ್ತಿದ್ದರು.

“ಇದರ ಮ್ಯಾಲ ಕೂತ ಹೇಳಿದ್ದಲ್ಲೋ ಅಕ್ಕೋರು. ನಾ ಭಾಳ ಕಚೇರಿಗೆ ಕೂತೀನಿ ಮೌಲಾಲಿ, ಅಂಥಾ ಮಾತು ಯಾರ ಬಾಯಿಲೂ ಕೇಳಿಲ್ಲ. ಅದೂ ನಿನ್ನ ಹೆಸರು ಹಿಡದ ಸುರು ಮಾಡಿದ್ರಲ್ಲ.”

“ನನ್ನ ಹೆಸರಾ?”

ಅವರು ನನ್ನ ಮುಖ ನೋಡಿದರು. ನಾನು ಇನ್ನು ಮುಚ್ಚಿಡಲಾರದೆ ಹೇಳಿಬಿಟ್ಟೆ. ಹೆಡ್‌ಫೋನ್, ಫೇಡರ್, ಟಪರಿಯ ಸುಳ್ಳು, ಎಲ್ಲ. ವಸಂತರಾವ್ ಬೈಯಲಿಲ್ಲ. ಕುರ್ಚಿಯಲ್ಲಿ ಕೂತು, ಕೋಲನ್ನು ಮೊಳಕಾಲ ನಡುವೆ ಹಿಡಿದು, ಅಕ್ಕೋರ ಮಾತನ್ನು ಒಂದೊಂದಾಗಿ ಹೇಳಿದರು. ಕೊನೆಗೆ ಇನ್ನೊಂದು ಸೇರಿಸಿದರು: “ಊರಿಗೆ ಹೋಗೂ ಮುಂದ ಎರಡ ಸಲ ಅವರ ಮನಿಗೆ ಹೋಗಿದ್ದೆ. ಎರಡೂ ಸಲ ಅದನ್ನ ಕೇಳಿದ್ರು. ಮೌಲಾಲಿ ಗೌರಿಗೆ ಕೊಟ್ಟಿರಬೇಕಲ್ಲ ವಸಂತರಾವ್? ಇನ್ನೂ ಫೋನ್ ಬರಲಿಲ್ಲ ಆಕೀದು, ಅಂತ.”

ಮುಂದಿನ ರವಿವಾರ ಪವಾಯಿಗೆ ಹೋದೆ. ಕಾಂಜೂರಿನಲ್ಲಿ ಇಳಿದು ರಿಕ್ಷಾ ಹಿಡಿಯುವ ತನಕ ಎರಡು ಸಲ ತಿರುಗಿ ಹೋಗೋಣವೆನಿಸಿತು. ಗೌರಿಯ ಕೂದಲು ಕಿವಿಯ ಬಳಿ ಬೆಳ್ಳಗಾಗಿದೆ, ನೋಡಿದರೆ ಥೇಟ್ ಅಕ್ಕೋರು. ಅವಳ ಮನೆಯ ಪಡಸಾಲೆಯ ಮೂಲೆಯಲ್ಲಿ, ತಾಯಿ ಹೋದ ಮೇಲೆ ತಂದಿಟ್ಟ ತಂಬೂರಿ ಅದೇ ಗವಸಿನಲ್ಲಿ ನಿಂತಿತ್ತು, ದಾರದ ಗಂಟೂ ಬಿಚ್ಚಿರಲಿಲ್ಲ. ನೀರು ಕೂಡ ಕುಡಿಯದೆ ಹೇಳಿದೆ, “ಗೌರಿ, ಆವತ್ತು ಕರೆಂಟ್ ಹೋಗಿರಲಿಲ್ಲ.”

“ಗೊತ್ತದ ಕಾಕಾ,” ಎಂದಳು. “ಕರೆಂಟ್ ಹೋಗಿದ್ರ ತಂಬೂರಿ ಡಬ್ಬಿ ಹ್ಯಾಂಗ ಬಾರಸ್ತಿತ್ತು?”

ಮೂವತ್ತು ವರ್ಷ ಕರೆಂಟಿನಲ್ಲೇ ಅನ್ನ ತಿಂದವನು ನಾನು. ಇಷ್ಟು ಹೊಳೆದಿರಲಿಲ್ಲ.

ಅವಳು ಫೋನ್ ತೆಗೆದು ಸೆಪ್ಟೆಂಬರಿನ ರೆಕಾರ್ಡ್ ಹಚ್ಚಿದಳು. ಹುಡುಕಬೇಕಾಗಲಿಲ್ಲ, ಬೆರಳು ನೇರವಾಗಿ ಆ ಜಾಗಕ್ಕೆ ಹೋಯಿತು. ಹಾಡು ಮುಗಿಯುತ್ತದೆ, ಆಮೇಲೆ ಬರೀ ತಂಬೂರಿ. ನಡುವೆ ಒಮ್ಮೆ ಅದರ ದನಿ ಸ್ವಲ್ಪ ಏರುತ್ತದೆ. ಅದು ನಾನು ಏರಿಸಿದ್ದು. “ಒಂದು ಮಿನಿಟ್ ಚಾಳೀಸ್ ಸೆಕೆಂಡ್,” ಎಂದಳು. “ಆಯಿ ಮಾತಾಡಿದ ಟೈಮ್ ಇದ. ಇದನ್ನ ಕೇಳ್ತೀನಿ ಕಭೀ ಕಭೀ. ನೀವು ಬಂದು ಖರೆ ಹೇಳ್ತೀರಿ ಅಂತ ವೇಟ್ ಮಾಡ್ದೆ. ಎರಡು ವರ್ಷ ಮಾಡ್ದೆ. ಆಮ್ಯಾಲ ಬಿಟ್ಟೆ.”

“ಏನು ಹೇಳಿದ್ರು ಗೊತ್ತಾತವ್ವಾ. ವಸಂತರಾವ್ ಹೇಳಿದ್ರು.”

ಅವಳು ರೆಕಾರ್ಡನ್ನು ಮತ್ತೆ ಆ ಜಾಗದ ಶುರುವಿಗೆ ಸರಿಸಿ ಫೋನನ್ನು ಮೇಜಿನ ಮೇಲಿಟ್ಟಳು. ತಂಬೂರಿ ಶುರುವಾಯಿತು. ನಾನು ಹೇಳಿದೆ, ವಸಂತರಾವ್ ಹೇಳಿದಂತೆಯೇ, ಒಂದು ಅಕ್ಷರ ಹೆಚ್ಚು ಮಾಡದೆ:

“ಮೌಲಾಲಿ, ಇದನ್ನೂ ಹಿಡ್ಕೋಪಾ. ಗೌರಿಗೆ ಬರಲಿಕ್ಕೆ ಆಗಿಲ್ಲ, ಆಕಿ ನಿನ್ನ ಮಷೀನಿನಾಗ ಕೇಳತಾಳ. ಜೂನ್ ತಿಂಗಳದಾಗ ಇದ ಜಮಖಾನಿ ಮ್ಯಾಲ ಕೂತು ಆಕಿಗೆ ಬಾಯಿ ಮುಚ್ಚು ಅಂದಿದ್ದೆ. ನಾಲ್ಕು ಮಂದ್ಯಾಗ ಅಂದಿದ್ದೆ, ಅದಕ್ಕ ನಾಲ್ಕು ಮಂದ್ಯಾಗ ಹೇಳತೀನಿ. ಗಾಂಧಾರ ಇಳದಿದ್ದು ನಂದು. ಆಕೀದು ಸರಿ ಇತ್ತು. ಗೌರೀ, ನಿನ್ನ ತಂಬೂರಿ ಇಲ್ಲೇ ಅದ. ಬಂದು ತೊಗೋ.”

ಮಾತು ಮುಗಿದರೂ ತಂಬೂರಿ ಇನ್ನೂ ನುಡಿಯುತ್ತಿತ್ತು. ಅಕ್ಕೋರು ನಡುನಡುವೆ ಎಲ್ಲಿ ತಡೆದಿದ್ದರೋ, ಎಲ್ಲಿ ಉಸಿರು ಎಳೆದುಕೊಂಡಿದ್ದರೋ ನನಗೆ ಗೊತ್ತಿಲ್ಲ. ನನ್ನ ಒಡಕು ಗಂಟಲಿನಲ್ಲಿ ಅದು ಅಕ್ಕೋರ ಮಾತು ಆಗಲೂ ಇಲ್ಲ. ಗೌರಿ ಅಳಲಿಲ್ಲ. ಕೇಳಿದಳು, “ಆಯಿ ನನ್ನ ಫೋನ್ ವೇಟ್ ಮಾಡಿದ್ಲಾ ಕಾಕಾ?”

ಇನ್ನೊಂದು ಸುಳ್ಳು ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ.

“ಹೌದವ್ವಾ. ಎರಡ ಸಲ ಕೇಳಿದ್ರಂತ. ಕೊಟ್ಟಿರಲಿಲ್ಲ ನಾನು. ನೀ ಕೇಳಿನೂ ಸುಮ್ಮನ ಇದ್ದಿ ಅಂತ ತಿಳಕೊಂಡ ಹೋಗಿರಬೇಕು.”

ಅವಳು ಎದ್ದು ಕಿಟಕಿಯ ಬಳಿ ಹೋಗಿ ನಿಂತಳು. ನನಗೆ ಬೆನ್ನು ಮಾತ್ರ ಕಾಣುತ್ತಿತ್ತು. ಮೇಜಿನ ಮೇಲೆ ಫೋನಿನಲ್ಲಿ ಭೈರವಿ ಶುರುವಾಯಿತು, ಮೊದಲ ಅಕ್ಷರದ ಅರ್ಧ ಇಲ್ಲದೆ. ಆ ಸೆಪ್ಟೆಂಬರಿನ ರವಿವಾರ ಮನೆಗೆ ಹೋದವನು ಆ ಅರ್ಧ ಅಕ್ಷರಕ್ಕಾಗಿ ಗಂಗಾಳ ಮುಟ್ಟದೆ ಮಲಗಿದ್ದೆ. ಅಷ್ಟಕ್ಕೆಲ್ಲಾ ಯಾರಾದರೂ ಊಟ ಬಿಡುತ್ತಾರೆಯೇ ಎಂದು ಹೆಂಡತಿ ಕೇಳಿದರೆ, ನಿನಗೆ ತಿಳಿಯುವುದಿಲ್ಲ, ಇವತ್ತು ನನ್ನಿಂದ ದೊಡ್ಡ ತಪ್ಪಾಗಿದೆ ಎಂದಿದ್ದೆ.